ಕುರ್ಚಿ ಮೊದಲು, ಉತಾರ ಆಮೇಲೆ: ಹಿರೇಕೆರೂರು ಸೀಮೆಯ ರೈತ ಮಹಿಳೆ ಮತ್ತು ಸಮಾಜವಾದಿ ರಾಜಕಾರಣ

ಹಿರೇಕೆರೂರು ಸೀಮೆಯಲ್ಲಿ ಹೊಲ ದುಡಿಯುವ ಹೆಣ್ಣುಮಗಳು ಯಾವ ಬಾಗಿಲಿನಿಂದ ರಾಜಕೀಯದೊಳಕ್ಕೆ ಬಂದಳು, ಆ ಬಾಗಿಲು ತೆರೆದವರು ಯಾರು? ಈ ಟಿಪ್ಪಣಿಯಲ್ಲಿ ನಾನು ಕೇಳುವ ಪ್ರಶ್ನೆ ಇಷ್ಟೇ. ವರ್ಷವನ್ನು ಹೇಳುವುದು ಕಷ್ಟವಲ್ಲ. 1987ರ ಜನವರಿಯಲ್ಲಿ ಕರ್ನಾಟಕದಲ್ಲಿ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ನಾಲ್ಕರಲ್ಲಿ ಒಂದು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಆಗ ಧಾರವಾಡ ಜಿಲ್ಲೆಯಲ್ಲಿದ್ದ ಹಿರೇಕೆರೂರು, ಹಾನಗಲ್, ಶಿಗ್ಗಾಂವಿ, ಸವಣೂರು ತಾಲೂಕುಗಳ ಊರೂರಿನಲ್ಲಿ ಕಳೆ ತೆಗೆಯುವ, ಹತ್ತಿ ಬಿಡಿಸುವ, ಮೆಣಸಿನಕಾಯಿ ಆರಿಸುವ ಹೆಂಗಸರು ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ಸದಸ್ಯರೆನಿಸಿಕೊಂಡರು. ಆದರೆ ಆ ವರ್ಷಕ್ಕೆ ಹಿಂದೆಯೂ ಮುಂದೆಯೂ ಇರುವ ಕಥೆಯನ್ನು ಸೇರಿಸಿ ಓದಿದರೆ ಮಾತ್ರ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. ಈ ಹೆಣ್ಣುಮಗಳಿಗೆ ಸಭೆಯ ಕುರ್ಚಿ ಮೊದಲು ಸಿಕ್ಕಿತು. ದುಡಿಯುವ ಹೊಲದ ಉತಾರದಲ್ಲಿ, ಎಂದರೆ ಪಹಣಿಯಲ್ಲಿ, ಹೆಸರು ಆಗ ಬರಲಿಲ್ಲ. ಸರಕಾರದ ಕಾಗದದಲ್ಲಿ ಅವಳು ರೈತಳಾಗುವ ಮುಂಚೆಯೇ ಜನಪ್ರತಿನಿಧಿಯಾದಳು. ಅವಳ ಮುಂದಿನ ರಾಜಕೀಯದ ಬಲವನ್ನೂ ಮಿತಿಯನ್ನೂ ಈ ಅನುಕ್ರಮವೇ ಬಹುಮಟ್ಟಿಗೆ ನಿರ್ಧರಿಸಿತು ಎಂಬುದು ನನ್ನ ವಾದ.

1987ಕ್ಕಿಂತ ಮೊದಲು ಈ ಸೀಮೆಯ ಹೆಂಗಸರಿಗೆ ರಾಜಕೀಯ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಕಾನೂನು ಭಂಗ ಚಳವಳಿಯ ಕಾಲದಲ್ಲಿ, 1931–32ರ ಸುಮಾರಿಗೆ, ಕರ್ನಾಟಕದಲ್ಲಿ ಕರ ನಿರಾಕರಣೆ ಗಟ್ಟಿಯಾಗಿ ನಡೆದ ಕಡೆಗಳೆಂದರೆ ಅಂಕೋಲಾ, ಸಿದ್ದಾಪುರ ಮತ್ತು ಹಿರೇಕೆರೂರು. ಕಂದಾಯ ಕಟ್ಟುವುದಿಲ್ಲ ಎಂದವರ ಹೊಲ, ದನ, ಪಾತ್ರೆ ಪಡಗ ಜಪ್ತಿಯಾಗಿ ಲಿಲಾವಿಗೆ ಹೋದವು. ಗಂಡಸರು ಜೈಲಿಗೆ ಹೋದ ಮೇಲೆ ಮನೆ, ಮಕ್ಕಳು, ಉಳಿದಿದ್ದರೆ ಹೊಲ, ಎಲ್ಲವೂ ಹೆಂಗಸರ ಹೆಗಲಿಗೆ ಬಿದ್ದವು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಜಪ್ತಿಯಾದ ಆಸ್ತಿ ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕುಳಿತರು. ಇದು ಖಂಡಿತವಾಗಿ ರೈತ ಹೆಂಗಸರ ರಾಜಕೀಯ; ಅದೂ ಜಮೀನಿನ ಮೇಲಿನ ರಾಜಕೀಯ. 1938ರಲ್ಲಿ ಮುಂಬಯಿಯ ಕಾಂಗ್ರೆಸ್ ಸರಕಾರ ಕಾಯಿದೆ ಮಾಡಿ, ಕಳೆದುಕೊಂಡ ಜಮೀನುಗಳನ್ನು ಮರಳಿ ಕೊಡಿಸಿತು. ಮರಳಿದ್ದು ಖಾತೆದಾರರಿಗೆ. ಖಾತೆದಾರರಲ್ಲಿ ಗಂಡಸರದೇ ಬಹುಪಾಲು. ಉಪವಾಸ ಕೂತವರ ಹೆಸರನ್ನು ಕಂದಾಯ ಇಲಾಖೆ ಕೇಳುವ ಕಾರಣವೇ ಇರಲಿಲ್ಲ.

ಇದೇ ಸೀಮೆಯಿಂದ ಹೋಗಿ ಶಾಸಕಿಯಾದ ಒಬ್ಬರನ್ನು ಇಲ್ಲಿ ನೆನೆಯಬೇಕು. 1903ರಲ್ಲಿ ಶಿಗ್ಗಾಂವಿ ಭಾಗದ ದುಂಡಸಿಯಲ್ಲಿ ಹುಟ್ಟಿದ ಬಳ್ಳಾರಿ ಸಿದ್ದಮ್ಮ 1938ರ ಶಿವಪುರ ಧ್ವಜ ಸತ್ಯಾಗ್ರಹದಲ್ಲಿ ಪಾಲ್ಗೊಂಡು ಜೈಲು ಸೇರಿದರು. ಸ್ವಾತಂತ್ರ್ಯ ಬಂದ ಮೇಲೆ ದಾವಣಗೆರೆಯಿಂದ ಮೈಸೂರು ವಿಧಾನಸಭೆಗೆ ಹೋದರು. ಇನ್ನೊಬ್ಬ ಸಿದ್ದಮ್ಮ, ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಪತ್ನಿ, ಸಾಬರಮತಿ ಆಶ್ರಮದಲ್ಲಿದ್ದು, ಸತ್ಯಾಗ್ರಹಿಯಾಗಿ ಸೆರೆಮನೆ ಕಂಡವರು. ಇಬ್ಬರೂ ದೊಡ್ಡವರು. ಆದರೆ ಅವರಿಬ್ಬರಿಗೂ ಸಾರ್ವಜನಿಕ ಸ್ಥಾನ ದೊರೆತದ್ದು ಸ್ವಾತಂತ್ರ್ಯ ಹೋರಾಟಗಾರ್ತಿಯರೆಂದು, ರೈತರೆಂದಲ್ಲ. ಹೊಲದ ಕೆಲಸವನ್ನೇ ಅರ್ಹತೆಯೆಂದು ಎಣಿಸುವ ರಾಜಕೀಯ ಇನ್ನೂ ಬರಬೇಕಿತ್ತು.

ಅದು ಹತ್ತಿರದಲ್ಲೇ, ಸಾಗರದ ಕಡೆಯಿಂದ ಬಂತು. 1951ರ ಏಪ್ರಿಲ್ 18ರಂದು ಶುರುವಾದ ಕಾಗೋಡು ಸತ್ಯಾಗ್ರಹದ ಕಿಡಿ ಹೊತ್ತಿದ್ದು ಗೇಣಿ ಅಳೆಯುವ ಕೊಳಗದ ವಿಷಯಕ್ಕೆ. ಒಡೆಯರು ಗೇಣಿ ತೆಗೆದುಕೊಳ್ಳುವಾಗ ದೊಡ್ಡ ಕೊಳಗ ಬಳಸುತ್ತಾರೆ ಎಂಬುದು ಗೇಣಿದಾರರ ದೂರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ಬೆನ್ನಿಗೆ ಸಮಾಜವಾದಿ ಪಕ್ಷ ನಿಂತಿತು. ಜೂನ್‌ನಲ್ಲಿ ಪಕ್ಷದ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದಿನ ವರ್ಷ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಶಾಸಕರಾಗಿ ಆಯ್ಕೆಯಾದರು. ಕಾಗೋಡಿನಲ್ಲಿ ಗೇಣಿದಾರರಾದ ದೀವರ ಹೆಣ್ಣುಮಕ್ಕಳು ಗಂಡಸರ ಜೊತೆಗೇ ಗದ್ದೆಗಿಳಿದರು, ಲಾಠಿ ಏಟು ತಿಂದರು. ಹಿರೇಕೆರೂರು ತಾಲೂಕು ಅರ್ಧ ಮಲೆನಾಡು, ಅರ್ಧ ಬಯಲು. ಶಿಕಾರಿಪುರದ ಗಡಿಗೆ ಅಂಟಿಕೊಂಡ ಮಾಸೂರಿನ ಕಡೆ ಗದ್ದೆ, ಪೂರ್ವಕ್ಕೆ ರಟ್ಟೀಹಳ್ಳಿಯ ಕಡೆ ಹತ್ತಿ, ಜೋಳ. ಕಾಗೋಡಿನ ಸುದ್ದಿ ಇಲ್ಲಿಗೆ ದೂರದ ಸುದ್ದಿಯಾಗಿರಲಿಲ್ಲ. ಆಗ ಆಡಳಿತ ಮಾತ್ರ ಬೇರೆ: ಸಾಗರ ಮೈಸೂರಿನಲ್ಲಿ, ಹಿರೇಕೆರೂರು ಮುಂಬಯಿ ರಾಜ್ಯದಲ್ಲಿ. ಇಲ್ಲಿ ನಡೆಯುತ್ತಿದ್ದುದು 1948ರ ಮುಂಬಯಿ ಗೇಣಿ ಕಾಯಿದೆ.

ಕಾಗೋಡಿನ ಬೇಡಿಕೆ ಕಾಯಿದೆಯಾಗಲು ಎರಡು ದಶಕಗಳೇ ಬೇಕಾದವು. 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸು ಅವರ ಕಾಲದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಂದು. ಆ ದಿನದಿಂದ ಗೇಣಿ ಜಮೀನು ಸರಕಾರದ ವಶ. ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ತೋರಿಸಿಕೊಡಬೇಕು. ಅರ್ಜಿ ಕೊಡುವ ಗಡುವು 1979ರ ಜೂನ್ 30ರವರೆಗೆ ಮುಂದಕ್ಕೆ ಹೋಯಿತು. ಉಪವಿಭಾಗಾಧಿಕಾರಿಯ ಜೊತೆಗೆ ನಾಲ್ವರು ಅಧಿಕಾರಿಯಲ್ಲದ ಸದಸ್ಯರು ಕೂತು ತೀರ್ಪು ಕೊಡುವ ಈ ಮಂಡಳಿಗಳು, ವಕೀಲರ ಕಪ್ಪು ಕೋಟಿಗೆ ಹೆದರುತ್ತಿದ್ದ ಒಕ್ಕಲಿಗೆ ಮೊದಲ ಬಾರಿಗೆ ತನ್ನ ಮಾತಿನಲ್ಲಿ ಸಾಕ್ಷಿ ಹೇಳುವ ಜಾಗ ಕೊಟ್ಟವು. ಕರ್ನಾಟಕದ ಸಮಾಜವಾದಿಗಳು ಕೊಟ್ಟ ಒತ್ತಡ ಕಾನೂನಿನಲ್ಲಿ ಕಂಡ ಅತ್ಯಂತ ದೊಡ್ಡ ಫಲ ಇದೇ ಎಂದು ಹೇಳಲು ನನಗೆ ಯಾವ ಅಳುಕೂ ಇಲ್ಲ.

ಈ ಕಾಯಿದೆಯ ವ್ಯಾಖ್ಯೆಗಳ ಭಾಗವನ್ನು ಮಾತ್ರ ನಿಧಾನವಾಗಿ ಓದಬೇಕು. ‘ಸ್ವಂತ ಸಾಗುವಳಿ’ ಎಂದರೆ ತನ್ನ ಸ್ವಂತ ದುಡಿಮೆಯಿಂದ, ಅಥವಾ ತನ್ನ ಕುಟುಂಬದ ಯಾರೇ ಸದಸ್ಯರ ದುಡಿಮೆಯಿಂದ, ಅಥವಾ ತನ್ನ ಮೇಲ್ವಿಚಾರಣೆಯಲ್ಲಿ ಕೂಲಿಯವರಿಂದ ಮಾಡಿಸುವ ಸಾಗುವಳಿ. ಕುಟುಂಬ ಎಂದರೆ ಆ ವ್ಯಕ್ತಿ, ಅವನ ಹೆಂಡತಿ ಅಥವಾ ಅವಳ ಗಂಡ, ಪ್ರಾಯಕ್ಕೆ ಬಾರದ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು. ಕಾಯಿದೆಯ ಮಾತು ಗಂಡು ಹೆಣ್ಣು ಇಬ್ಬರಿಗೂ ಸಮನಾಗಿ ತೆರೆದಿದೆ. ಆದರೆ ಹಿರೇಕೆರೂರಿನ ಎರೆಹೊಲದಲ್ಲಿ ಇದಕ್ಕೆ ಬಂದ ಫಲಿತಾರ್ಥ ಬೇರೆ. ಗಂಡ ಕೂರಿಗೆ ಹಿಡಿದ, ಹೆಂಡತಿ ಹಿಂದೆ ನಡೆಯುತ್ತ ಅಕ್ಕಡಿ ಕಾಳು ಬಿಟ್ಟಳು. ಗಂಡ ಎಡೆ ಹೊಡೆದ, ಹೆಂಡತಿ ತಿಂಗಳುಗಟ್ಟಲೆ ಬಗ್ಗಿ ಕಳೆ ತೆಗೆದಳು. ಹತ್ತಿ ಬಿಡಿಸಿದವಳು ಅವಳು, ಜೋಳ ಕೊಯ್ದವಳು ಅವಳು, ಬೀಜದ ಕಾಳನ್ನು ಬೂದಿ ಬೆರೆಸಿ ಇಟ್ಟವಳು ಅವಳು. ಇಷ್ಟೂ ದುಡಿಮೆ ಕಾನೂನಿನ ಕಣ್ಣಿಗೆ ಬಿದ್ದಿತು. ಬಿದ್ದದ್ದು ಗಂಡನ ಸ್ವಂತ ಸಾಗುವಳಿಗೆ ಸಾಕ್ಷಿಯಾಗಿ. ಅರ್ಜಿ ಮನೆಯ ಯಜಮಾನನ ಹೆಸರಿನಲ್ಲಿ ಹೋಯಿತು, ಅಧಿಭೋಗದ ಹಕ್ಕು ಅವನ ಹೆಸರಿಗೆ ಬಂತು. ವಂಚನೆ ಯಾರೂ ಮಾಡಲಿಲ್ಲ. ಅರ್ಜಿ ಬರೆದುಕೊಟ್ಟ ಕಾರ್ಯಕರ್ತರು ಪ್ರಾಮಾಣಿಕರೇ, ಅಧಿಕಾರಿಗಳಲ್ಲೂ ಅನೇಕರು ಪ್ರಾಮಾಣಿಕರೇ. ಕುಟುಂಬವನ್ನು ಒಂದೇ ಮೈ ಎಂದು ತಿಳಿದ ಸಮಾಜವಾದ ಅದರೊಳಗೆ ಎರಡು ಜೊತೆ ಕೈಗಳಿವೆ ಎಂಬುದನ್ನು ನೋಡಲಿಲ್ಲ, ಅಷ್ಟೇ. ಗೇಣಿ ಕಾನೂನುಗಳಲ್ಲಿ ಹೆಣ್ಣು ಪ್ರತ್ಯೇಕವಾಗಿ ಕಾಣಿಸಿಕೊಂಡ ಒಂದು ಜಾಗವಿತ್ತು: ವಿಧವೆ. ಅಲ್ಲಿಯೂ ಅವಳು ಅಪ್ರಾಪ್ತರ, ಅಶಕ್ತರ ಸಾಲಿನಲ್ಲಿ, ತಾನು ಉಳಲಾರದೆ ಇನ್ನೊಬ್ಬರಿಗೆ ಲಾವಣಿ ಕೊಡುವವಳಾಗಿ ನಿಂತಿದ್ದಳು. ಉಳುವವಳಾಗಿ ಅವಳನ್ನು ಯಾವ ಕಲಮೂ ಕರೆಯಲಿಲ್ಲ.

ಲೋಹಿಯಾ ಅವರಿಗೆ ಈ ಕುರುಡು ಇರಲಿಲ್ಲ ಎನ್ನುವುದನ್ನು ನ್ಯಾಯಕ್ಕಾಗಿ ಹೇಳಬೇಕು. ಹಿಂದುಳಿದವರಿಗೆ ನೂರಕ್ಕೆ ಅರವತ್ತು ಅವಕಾಶ ಎಂದು ಅವರು ವಾದಿಸಿದಾಗ ಆ ಹಿಂದುಳಿದವರೊಳಗೆ ಎಲ್ಲ ಜಾತಿಯ ಹೆಂಗಸರನ್ನೂ ಸೇರಿಸಿದ್ದರು. ಹಳ್ಳಿಯ ಹೆಂಗಸಿಗೆ ಮರೆಯ ಪಾಯಿಖಾನೆ ಬೇಕು, ಹೊಗೆಯಿಲ್ಲದ ಒಲೆ ಬೇಕು ಎಂಬುದನ್ನು ರಾಷ್ಟ್ರೀಯ ರಾಜಕೀಯದ ಮಾತಾಗಿ ಎತ್ತಿದ ಮೊದಲಿಗರಲ್ಲಿ ಅವರೊಬ್ಬರು. ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕು ಎಂಬ ಅವರ ಚೌಖಂಬಾ ಕಲ್ಪನೆಯೇ ಮುಂದೆ ಕರ್ನಾಟಕದ ಜನತಾ ಸರಕಾರದ ಚಿಂತನೆಯಲ್ಲಿ ಕಾಣಿಸಿಕೊಂಡಿತು. 1983ರಲ್ಲಿ ರಾಮಕೃಷ್ಣ ಹೆಗಡೆ ಅವರ ಸರಕಾರ ಬಂದಾಗ, 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದ ಜೆ.ಎಚ್. ಪಟೇಲರಂಥ ಲೋಹಿಯಾವಾದಿಗಳು ಅದರ ಒಳಗಿದ್ದರು. ಪಂಚಾಯತ್ ರಾಜ್ ಖಾತೆ ಅಬ್ದುಲ್ ನಜೀರ್ ಸಾಬರದು.

ನಜೀರ್ ಸಾಬರ 1983ರ ಕಾಯಿದೆ ಎಷ್ಟು ದೂರ ಹೋಯಿತು ಎಂಬುದನ್ನು ಹಿಂದಿನದರ ಜೊತೆ ಇಟ್ಟು ನೋಡಬೇಕು. 1957ರ ಬಲವಂತರಾಯ್ ಮೆಹತಾ ಸಮಿತಿ ಪಂಚಾಯಿತಿಗೆ ಇಬ್ಬರು ಮಹಿಳೆಯರನ್ನು ಚುನಾವಣೆಯಿಲ್ಲದೆ ಸೇರಿಸಿಕೊಳ್ಳಿ ಎಂದಿತ್ತು. ಹಳೆಯ ಸಮಾಜವಾದಿ ನಾಯಕ ಅಶೋಕ ಮೆಹತಾ ಅವರ ಸಮಿತಿಯೂ 1978ರಲ್ಲಿ ಮಂಡಲ ಪಂಚಾಯಿತಿಯ ಕಲ್ಪನೆ ಕೊಟ್ಟಿತೇ ಹೊರತು ಹೆಂಗಸರ ಮಟ್ಟಿಗೆ ಎರಡೇ ಸ್ಥಾನದ ಮಾತು ಆಡಿತು. ಕರ್ನಾಟಕದ ಕಾಯಿದೆ ಅದನ್ನು ನೂರಕ್ಕೆ ಇಪ್ಪತ್ತೈದಕ್ಕೆ ಏರಿಸಿತು, ಅದೂ ನೇರ ಚುನಾವಣೆಯಲ್ಲಿ. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಗಳಿಗೂ ಜಾಗ ಇಟ್ಟಿತು. ಸುಮಾರು ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ, ನಾನೂರು ಜನರಿಗೆ ಒಬ್ಬ ಸದಸ್ಯ. ನಾನೂರು ಜನ ಎಂದರೆ ಹಳ್ಳಿಯ ಲೆಕ್ಕದಲ್ಲಿ ಒಂದೆರಡು ಓಣಿ. ಆ ಓಣಿಯ ಹೆಣ್ಣುಮಗಳನ್ನು ಎಲ್ಲರೂ ಬಲ್ಲರು; ಭಾಷಣ ಬಾರದಿದ್ದರೂ, ಮೋಟಾರು ಇಲ್ಲದಿದ್ದರೂ ಅವಳು ಓಟು ಕೇಳಬಹುದು. ಸ್ಥಾನ ಮೀಸಲಾಗಿದ್ದಷ್ಟೇ ಕ್ಷೇತ್ರ ಚಿಕ್ಕದಾಗಿದ್ದುದೂ ಮುಖ್ಯವಾಗಿತ್ತು. ಇದನ್ನು ಚರ್ಚೆಯಲ್ಲಿ ಹೆಚ್ಚಿನವರು ಮರೆಯುತ್ತಾರೆ. ರಾಷ್ಟ್ರಪತಿಗಳ ಒಪ್ಪಿಗೆ ಬರಲು 1985 ಆಯಿತು. 1987ರ ಜನವರಿಯ ಚುನಾವಣೆಯಲ್ಲಿ ರಾಜ್ಯದಲ್ಲಿ 55 ಸಾವಿರಕ್ಕೂ ಹೆಚ್ಚು ಮಂಡಲ ಸದಸ್ಯರು ಆಯ್ಕೆಯಾದರು, ಅವರಲ್ಲಿ ಸುಮಾರು 14 ಸಾವಿರ ಮಹಿಳೆಯರು. ದೇಶದ ಉಳಿದ ಭಾಗಕ್ಕೆ ಈ ಪ್ರಮಾಣದ ಮೀಸಲಾತಿ ಕಡ್ಡಾಯವಾಗಲು 1993ರ ಸಂವಿಧಾನ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಆ ದಿನಗಳಲ್ಲಿ ವಿಧಾನಸಭೆಯ ಸಭಾಧ್ಯಕ್ಷರ ಪೀಠದಲ್ಲಿ ಕೂತಿದ್ದವರು ಹಿರೇಕೆರೂರಿನ ಶಾಸಕರು, ಜನತಾ ಪಕ್ಷದ ಬಿ.ಜಿ. ಬಣಕಾರರು. 1985ರಿಂದ 1989ರವರೆಗೆ ಅವರು ಸಭಾಧ್ಯಕ್ಷರು. ತಾಲೂಕಿನ ಜನಕ್ಕೆ ಇದರಿಂದ ರಾಜಧಾನಿ ಹತ್ತಿರವಾಯಿತು ಎಂಬುದು ನಿಜ. ಆದರೆ ಅದೇ ವರ್ಷಗಳಲ್ಲಿ ತಾಲೂಕಿನ ಹಳ್ಳಿಗಳಲ್ಲಿ ನಡೆದದ್ದು ಇತಿಹಾಸದ ದೃಷ್ಟಿಯಿಂದ ಅದಕ್ಕಿಂತ ದೊಡ್ಡದು, ಬರಹದಲ್ಲಿ ಅದಕ್ಕಿಂತ ಎಷ್ಟೋ ಸಣ್ಣದಾಗಿ ಉಳಿದಿದೆ.

ಮಂಡಲದ ಹೆಣ್ಣು ಸದಸ್ಯರ ಬಗ್ಗೆ ಹೇಳಿ ಹೇಳಿ ಸವೆದ ಮಾತೊಂದಿದೆ: ಹೆಸರು ಹೆಂಡತಿಯದು, ಅಧಿಕಾರ ಗಂಡನದು. ಸಭೆಗೆ ಗಂಡನೇ ಬಂದು ಕೂರುವುದು, ಠರಾವು ಪುಸ್ತಕ ಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದು, ಇವೆಲ್ಲ ನಡೆದಿವೆ, ಈಗಲೂ ನಡೆಯುತ್ತಿವೆ. ಆದರೆ ಇದನ್ನು ಹೆಣ್ಣಿನ ಅಸಾಮರ್ಥ್ಯವೆಂದು ಓದುವುದನ್ನು ನಾನು ಒಪ್ಪುವುದಿಲ್ಲ. ಹೊಲ ಗಂಡನ ಹೆಸರಿನಲ್ಲಿದೆ, ಸೊಸೈಟಿಯ ಸದಸ್ಯತ್ವ ಗಂಡನದು, ಪೀಕಿನ ಸಾಲ ಗಂಡನದು, ಮಂಡಿಯ ಪಟ್ಟಿ ಗಂಡನ ಹೆಸರಿನಲ್ಲಿ ಬರುತ್ತದೆ. ಹೊರಗಿನ ಲೋಕದ ಜೊತೆಗಿನ ಅಷ್ಟೂ ವ್ಯವಹಾರ ಒಬ್ಬನ ಹೆಸರಿನಲ್ಲಿರುವಾಗ, ಒಂದೇ ಒಂದು ಸ್ಥಾನ ಇನ್ನೊಬ್ಬಳ ಹೆಸರಿಗೆ ಬಂದರೆ ಅದೂ ಹಳೆಯ ಕಾಲುವೆಯಲ್ಲೇ ಹರಿಯುತ್ತದೆ. ಪ್ರಾಕ್ಸಿ ಎಂದು ನಾವು ಕರೆಯುವುದರ ಬೇರು ಸಭಾಭವನದಲ್ಲಿಲ್ಲ, ಹೊಲದ ದಾಖಲೆ ಇಡುವ ತಲಾಟಿಯ ಕಚೇರಿಯಲ್ಲಿದೆ.

ಹಾಗಿದ್ದೂ ಒಂದು ವಿಷಯದಲ್ಲಿ ಅವಳು ಯಾರ ಬಾಯಿಗೂ ಕಾಯಲಿಲ್ಲ, ಅದು ನೀರು. ನಜೀರ್ ಸಾಬರನ್ನು ಜನ ‘ನೀರ್ ಸಾಬ್’ ಎಂದು ಕರೆದದ್ದು ಅವರು ಹಳ್ಳಿ ಹಳ್ಳಿಗೆ ಬೋರು ಕೊರೆಸಿದ್ದಕ್ಕೆ. ಬೋರು ಎಲ್ಲಿ ಹಾಕಬೇಕು, ಯಾವ ಓಣಿಗೆ ಹತ್ತಿರ, ಯಾರು ಮುಟ್ಟಿದರೆ ಯಾರು ತಕರಾರು ತೆಗೆಯುತ್ತಾರೆ, ಕೆಟ್ಟರೆ ರಿಪೇರಿಗೆ ಯಾರು, ಇವೆಲ್ಲ ಮಂಡಲದ ಸಭೆಯ ಮಾತುಗಳು. ಕೊಡ ಹೊತ್ತವಳಿಗೆ ಈ ವಿಷಯದಲ್ಲಿ ಗಂಡ ಹೇಳಿಕೊಡುವುದು ಏನೂ ಇರಲಿಲ್ಲ. ನೀರಿಗೆ ಉತಾರ ಬೇಕಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಯಾರ ಹೆಸರಿಗೂ ಇಲ್ಲದ ಸೊತ್ತಿನ ಬಗ್ಗೆ ಮಾತಾಡುವಾಗ ಅವಳಿಗೆ ದನಿ ತಾನಾಗಿ ಬಂತು.

1987ರ ಕೊನೆಗೆ ಹಾನಗಲ್ ತಾಲೂಕಿನ ಕುಸನೂರಿನಲ್ಲಿ ನಡೆದದ್ದು ಈ ಮಾತಿಗೆ ಇನ್ನೂ ಗಟ್ಟಿಯಾದ ಪುರಾವೆ. ಹಿನ್ನೆಲೆ ಹೀಗಿದೆ. 1984ರಲ್ಲಿ ರಾಜ್ಯ ಸರಕಾರದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದವು. ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದ ಕಾರ್ಖಾನೆಗೆ ಕಟ್ಟಿಗೆ ಒದಗಿಸಲು ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ ಮುಂತಾದ ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ಜಮೀನಿನಲ್ಲಿ ನೀಲಗಿರಿ ಬೆಳೆಸುವುದು ಅದರ ಉದ್ದೇಶ. ಕಂದಾಯ ದಾಖಲೆಯಲ್ಲಿ ಅದು ಸಿ ಮತ್ತು ಡಿ ವರ್ಗದ ಜಮೀನು, ಎಂದರೆ ಪಾಳು. ಹಳ್ಳಿಯ ಲೆಕ್ಕದಲ್ಲಿ ಅದು ದನ ಮೇಯುವ ಗುಡ್ಡ, ಸೌದೆ ಸಿಗುವ ಕುರುಚಲು, ಬೇಸಿಗೆಯಲ್ಲಿ ಕವಳಿ ಹಣ್ಣು, ಮುತ್ತುಗದ ಎಲೆ. ಈ ಗುಡ್ಡದ ಮೇಲೆ ಅತಿ ಹೆಚ್ಚು ಹೊತ್ತು ಕಳೆಯುತ್ತಿದ್ದವಳು ಹೆಣ್ಣುಮಗಳು. ಹೊಲವಿಲ್ಲದ ಮನೆಯವಳಂತೂ ಇನ್ನೂ ಹೆಚ್ಚು. ಈ ಯೋಜನೆಯ ವಿರುದ್ಧ ಶಿವರಾಮ ಕಾರಂತರು ಮತ್ತು ಇತರರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಅದೇ ಗುಂಡಿಯಲ್ಲಿ ಊರಿಗೆ ಬೇಕಾದ ಗಿಡ ನೆಟ್ಟರು.

ಈ ಚಳವಳಿಯನ್ನು ಪರಿಸರದ ಹೋರಾಟವೆಂದು ಬರೆಯುವುದು ರೂಢಿ. ನನಗೆ ಅದು ಸರಿಯಾದರೂ ಅರ್ಧ ಎನಿಸುತ್ತದೆ. ಹೊಸದಾಗಿ ಹುಟ್ಟಿದ್ದ ಮಂಡಲ ಪಂಚಾಯಿತಿಗಳು ಈ ಜಮೀನು ಹಸ್ತಾಂತರದ ವಿರುದ್ಧ ಠರಾವು ಮಾಡಿದವು; ವರ್ಷದ ಮೊದಲಲ್ಲಿ ಆಯ್ಕೆಯಾದ ಸದಸ್ಯರು ಆ ಸಭೆಗಳಲ್ಲಿದ್ದರು, ನಾಲ್ವರಲ್ಲಿ ಒಬ್ಬಳು ಹೆಣ್ಣು. ಸರಕಾರ ತಾನೇ ಕೊಟ್ಟ ಅಧಿಕಾರವನ್ನು ಬಳಸಿ ಅದೇ ಸರಕಾರದ ಕಂಪನಿಗೆ ಬೇಡ ಎಂದದ್ದು ಆ ಸಭೆಗಳ ಹಿರಿಮೆ. ಸಮಾಜವಾದದ ಎರಡು ಮುಖಗಳು ಇಲ್ಲಿ ಎದುರುಬದುರಾಗಿ ನಿಂತವು: ಸಾರ್ವಜನಿಕ ಜಮೀನು ಸರಕಾರದ ಸೊತ್ತು, ಅದನ್ನು ಅಭಿವೃದ್ಧಿಗಾಗಿ ಯಾರಿಗಾದರೂ ಕೊಡಬಹುದು ಎಂಬುದು ಒಂದು; ಅದು ಊರಿನ ಸೊತ್ತು, ಊರು ಕೂತು ಹೇಳಬೇಕು ಎಂಬುದು ಇನ್ನೊಂದು. ಕೊನೆಗೆ 1991ರಲ್ಲಿ ಕಂಪನಿ ಮುಚ್ಚಿತು. ಹೊಲದ ಹಕ್ಕಿಗಾಗಿ ಹೆಣ್ಣುಮಗಳು ಸಂಘಟಿತಳಾಗಿ ನಿಲ್ಲದ ಸೀಮೆಯಲ್ಲಿ, ಗುಡ್ಡದ ಹಕ್ಕಿಗಾಗಿ ಮುಂದೆ ನಿಂತಳು. ಯಾಕೆಂದರೆ ಗುಡ್ಡದಲ್ಲಿ ಅವಳಿಗೂ ಗಂಡಸಿಗೂ ಕಾಗದದ ಮೇಲೆ ವ್ಯತ್ಯಾಸವಿರಲಿಲ್ಲ.

ಹೋಲಿಕೆಗಾಗಿ ದೂರದ ಒಂದು ಜೀವನವನ್ನು ಪಕ್ಕಕ್ಕಿಡುತ್ತೇನೆ. ಚೀನಾದ ಶಾನ್‌ಷಿ ಪ್ರಾಂತದ ಪಿಂಗ್‌ಷುನ್ ಸೀಮೆಯ ಷಿಗೌ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಬಾಳಿದ ಷೆನ್ ಜಿಲಾನ್ 1929ರಲ್ಲಿ ಹುಟ್ಟಿದವಳು. 1951ರ ಕೊನೆಗೆ, ಕಾಗೋಡಿನ ವರ್ಷವೇ, ಆ ಹಳ್ಳಿಯಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿತು. ಷೆನ್ ಅದರ ಉಪಮುಖ್ಯಸ್ಥೆ. ಕೂಲಿಗೆ ಬದಲು ಅಲ್ಲಿ ಅಂಕ ಬರೆಯುವ ಪದ್ಧತಿ: ಗಂಡಸಿನ ದಿನದ ದುಡಿಮೆಗೆ ಹತ್ತು, ಹೆಂಗಸಿನದಕ್ಕೆ ಐದು. ಹೆಂಗಸರು ಇಷ್ಟಕ್ಕೆ ಹೊಲಕ್ಕೆ ಬರಲೇ ಒಲ್ಲೆ ಎಂದರು. ಷೆನ್ ಅವರನ್ನು ಸೇರಿಸಿ, ಗೊಬ್ಬರ ಹರಡುವುದರಲ್ಲಿ, ಕಳೆ ತೆಗೆಯುವುದರಲ್ಲಿ ಗಂಡಸರ ಜೊತೆ ಪೈಪೋಟಿ ಮಾಡಿ ತೋರಿಸಿ, ಸಮಾನ ಅಂಕ ಪಡೆದಳು. 1953ರ ಜನವರಿಯಲ್ಲಿ ಬೀಜಿಂಗಿನ ಪೀಪಲ್ಸ್ ಡೈಲಿ ಈ ಸುದ್ದಿ ಬರೆಯಿತು. 1954ರಲ್ಲಿ ಮೊದಲ ರಾಷ್ಟ್ರೀಯ ಜನತಾ ಕಾಂಗ್ರೆಸ್ಸಿಗೆ ಆಕೆ ಪ್ರತಿನಿಧಿಯಾದಳು. 2020ರಲ್ಲಿ ತೀರಿಕೊಳ್ಳುವವರೆಗೆ ಹದಿಮೂರು ಅವಧಿಗಳಲ್ಲೂ ಅದರ ಸದಸ್ಯೆ. ಹತ್ತು ವರ್ಷ ಪ್ರಾಂತದ ಮಹಿಳಾ ಒಕ್ಕೂಟದ ಮುಖ್ಯಸ್ಥೆಯಾಗಿದ್ದಾಗಲೂ ಅಧಿಕಾರಿಯ ದರ್ಜೆ, ಸಂಬಳ ಒಲ್ಲೆನೆಂದು ಹಳ್ಳಿಯ ರೈತಳಾಗಿಯೇ ಉಳಿದಳು.

ಷೆನ್‌ಳಿಗೆ ಮೊದಲು ದುಡಿಮೆಯ ಪುಸ್ತಕದಲ್ಲಿ ಹೆಸರು ಮತ್ತು ಸಮಾನ ಅಂಕ, ಆಮೇಲೆ ಸಭೆಯ ಕುರ್ಚಿ. ಹಿರೇಕೆರೂರಿನ ಹೆಣ್ಣುಮಗಳಿಗೆ ಇದರ ತಿರುಗುಮುರುಗು. ಆದರೆ ಷೆನ್‌ಳ ಅನುಕ್ರಮವನ್ನು ಆದರ್ಶವೆಂದು ಎತ್ತಿ ಹಿಡಿಯಲು ನನಗೆ ಮನಸ್ಸಿಲ್ಲ. ಅಂಕ ಹೆಂಗಸಿನ ಹೆಸರಿನಲ್ಲಿ ಬರೆದರೂ ವರ್ಷದ ಕೊನೆಯ ಲೆಕ್ಕ ಸಾಮಾನ್ಯವಾಗಿ ಮನೆಯ ಯಜಮಾನನ ಕೈಗೆ ಹೋಗುತ್ತಿತ್ತು. ಮತ್ತು ಆರು ದಶಕಗಳಿಗೂ ಮೀರಿ ಆ ಮಹಾಸಭೆಯಲ್ಲಿ ಕೂತ ಷೆನ್ ತಾನು ಒಮ್ಮೆಯೂ ವಿರೋಧ ಮತ ಹಾಕಲಿಲ್ಲ ಎಂದು ಹೇಳಿಕೊಂಡವಳು. ದುಡಿಮೆಗೆ ಮನ್ನಣೆ ಇತ್ತು, ಬೇಡ ಎನ್ನುವ ಹಕ್ಕು ಇರಲಿಲ್ಲ. ಕುಸನೂರಿನ ಸುತ್ತಲಿನ ಮಂಡಲದ ಹೆಣ್ಣುಮಗಳಿಗೆ ದುಡಿಮೆಯ ಮನ್ನಣೆ ಇರಲಿಲ್ಲ, ಬೇಡ ಎನ್ನುವ ಹಕ್ಕು ಇತ್ತು, ಮೊದಲ ವರ್ಷದಲ್ಲೇ ಅದನ್ನು ಬಳಸಿದಳು. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ನಾನು ಹಿಂಜರಿಯದೆ ಎರಡನೆಯದು ಎನ್ನುತ್ತೇನೆ. ಆದರೂ ಮೊದಲನೆಯದು ಇಲ್ಲದೆ ಎರಡನೆಯದು ಹೆಚ್ಚು ದಿನ ನಿಲ್ಲುವುದಿಲ್ಲ.

ನಿಲ್ಲಲೂ ಇಲ್ಲ. ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. 1992ರ ಜನವರಿಯಲ್ಲಿ ಮಂಡಲಗಳ ಅವಧಿ ಮುಗಿಯಿತು; ಹೊಸ ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಐದು ವರ್ಷ ಸಭೆಗೆ ಬಂದು ಮಾತು ಕಲಿತ ಸಾವಿರಾರು ಹೆಂಗಸರು ಒಂದೇ ಆದೇಶದಲ್ಲಿ ಮತ್ತೆ ಮನೆಯವರಾದರು. 1993ರ ಕಾಯಿದೆ ಮೂರರಲ್ಲಿ ಒಂದು ಸ್ಥಾನ ಕೊಟ್ಟಿತು, 2010ರಲ್ಲಿ ಅದು ಅರ್ಧಕ್ಕೆ ಏರಿತು. ಕೆಳಗೆ ಅರ್ಧ, ಮೇಲೆ ಹಿರೇಕೆರೂರು ವಿಧಾನಸಭಾ ಕ್ಷೇತ್ರದಲ್ಲಿ 2004ರಿಂದ ಬಿ.ಸಿ. ಪಾಟೀಲ ಮತ್ತು ಯು.ಬಿ. ಬಣಕಾರ ಈ ಇಬ್ಬರ ನಡುವೆಯೇ ಸ್ಥಾನ ಅತ್ತಿತ್ತ ಹೋಗಿದೆ. ನಾನೂರು ಜನರ ಓಣಿಯಿಂದ ಲಕ್ಷಗಟ್ಟಲೆ ಮತದಾರರ ಕ್ಷೇತ್ರಕ್ಕೆ ಏರಲು ಬೇಕಾದ ಹಣ, ಜಮೀನು, ಜಾತಿಯ ಬೆಂಬಲ ಹೆಣ್ಣು ಸದಸ್ಯೆಯ ಹತ್ತಿರ ಯಾವಾಗ ಸೇರೀತು?

ರೈತ ಚಳವಳಿಯೂ ಈ ಅಂತರ ತುಂಬಲಿಲ್ಲ. 1980ರ ಜುಲೈನ ನರಗುಂದ, ನವಲಗುಂದದ ರೈತ ಬಂಡಾಯ ಆಗಿನ ಇದೇ ಧಾರವಾಡ ಜಿಲ್ಲೆಯದು. ಅದರ ಬೆನ್ನಿಗೇ ಹುಟ್ಟಿದ ರಾಜ್ಯ ರೈತ ಸಂಘದ ಎಂ.ಡಿ. ನಂಜುಂಡಸ್ವಾಮಿಯವರು ಸಮಾಜವಾದಿ ಯುವಜನ ಸಭಾದಿಂದ ಬಂದವರು. ಸರಳ ಮದುವೆಯನ್ನು ಚಳವಳಿಯ ಭಾಗ ಮಾಡಿದವರು. ಬೆಲೆ, ಸಾಲ, ವಿದ್ಯುತ್, ಜಪ್ತಿಯ ಪ್ರಶ್ನೆಗಳಲ್ಲಿ ಸಂಘ ಸರಕಾರವನ್ನು ನಡುಗಿಸಿತು. ಆ ಪ್ರಶ್ನೆಗಳೆಲ್ಲ ಖಾತೆದಾರನ ಪ್ರಶ್ನೆಗಳು ಎಂಬುದನ್ನು ಮಾತ್ರ ಮರೆಯಬಾರದು.

ಅಷ್ಟರಲ್ಲಿ ಹೊಲದ ಕೆಲಸವೇ ಇನ್ನಷ್ಟು ಹೆಣ್ಣಿನದಾಯಿತು. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಾತರಕಿ ಅವರು ವರಲಕ್ಷ್ಮಿ ಹತ್ತಿ ತಳಿಯನ್ನು ಹೊರತಂದ ಮೇಲೆ ಹೈಬ್ರಿಡ್ ಬೀಜೋತ್ಪಾದನೆ ಈ ಭಾಗಕ್ಕೆ ಬಂತು. ರಾಣೆಬೆನ್ನೂರು ಅದರ ಪೇಟೆ. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆದು ಮುಚ್ಚುವುದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ತಾಗಿಸುವುದು: ‘ಕ್ರಾಸಿಂಗ್’ ಎಂದು ಎಲ್ಲರೂ ಕರೆಯುವ ಈ ಕೆಲಸ ತಾಳ್ಮೆಯದು, ನುರಿತ ಬೆರಳಿನದು, ಪೂರ್ತಿಯಾಗಿ ಎಂಬಷ್ಟು ಹೆಂಗಸರದು, ಎಳೆಯ ಹುಡುಗಿಯರದು. ಬೀಜದ ಕಂಪನಿಯ ಕರಾರಿಗೆ ಸಹಿ ಹಾಕುವವನು ಮಾತ್ರ ಜಮೀನಿನ ಒಡೆಯ.

ಉತಾರಕ್ಕೆ ಬರೋಣ. 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಹೆಣ್ಣುಮಗಳು ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಂತೆ ಹುಟ್ಟಿನಿಂದಲೇ ಪಾಲುದಾರಳು; ಅದಕ್ಕೂ ಮುನ್ನ ಮದುವೆಯಾದವಳನ್ನು ಮತ್ತು ವಾಟ್ನಿ (ಪಾಲು) ಆಗಿಹೋದ ಆಸ್ತಿಯನ್ನು ಹೊರಗಿಟ್ಟ ಕಾಯಿದೆ ಅದು. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆಯಿತು. ತವರಿನ ಹಕ್ಕನ್ನು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವುದು ಇನ್ನೂ ರೂಢಿಯಲ್ಲಿದೆ; ಪಂಚಮಿಗೆ ತವರಿಗೆ ಹೋಗುವ ದಾರಿ ಮುಚ್ಚೀತೆಂಬ ಹೆದರಿಕೆ ಸುಳ್ಳಲ್ಲ. ಗಂಡನ ಹೊಲದಲ್ಲಿ ಅವಳ ಹೆಸರು ಬರುವುದು ಹೆಚ್ಚಾಗಿ ವಾರಸಾ ಮೂಲಕ, ಅಂದರೆ ಅವನು ಸತ್ತ ಮೇಲೆ. ಈ ತಾಲೂಕುಗಳು ಈಗ ಸೇರಿರುವ, ರೈತರ ಆತ್ಮಹತ್ಯೆಯಿಂದ ನೊಂದ ಹಾವೇರಿ ಜಿಲ್ಲೆಯಲ್ಲಿ ಎಷ್ಟೋ ಹೆಂಗಸರು ಹೀಗೆಯೇ ದಾಖಲೆಯಲ್ಲಿ ರೈತರಾಗಿದ್ದಾರೆ. ಪರಿಹಾರದ ಮೊತ್ತವನ್ನು ರಾಜ್ಯ 2015ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಿತು, ವಿಧವೆಗೆ ಮಾಸಾಶನವನ್ನೂ ಸೇರಿಸಿತು. ದುಡಿಯುವ ಹೆಣ್ಣುಮಗಳೇ ನೇಣು ಹಾಕಿಕೊಂಡರೆ, ಜಮೀನು ಅವಳ ಹೆಸರಿನಲ್ಲಿಲ್ಲವಾದರೆ, ಅದು ರೈತ ಆತ್ಮಹತ್ಯೆ ಎಂದು ಎಣಿಸಲು ಕಚೇರಿಗೆ ಕಾಗದ ಬೇಕು. 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನವು ನೂರಕ್ಕೆ ಸುಮಾರು ಹದಿನಾಲ್ಕು. 2019ರಿಂದ ನಡೆಯುತ್ತಿರುವ ಕಿಸಾನ್ ಸಮ್ಮಾನ್ ಹಣ ಕೂಡ ಜಮೀನಿನ ದಾಖಲೆಯನ್ನೇ ನೋಡುತ್ತದೆ.

ಆದ್ದರಿಂದ ಮುಂದಿನ ಕೆಲಸದ ಬಗ್ಗೆ ಒಂದು ಖಚಿತ ಸಲಹೆ. 1987ರ ಮಂಡಲ ಸದಸ್ಯರ ಬಗ್ಗೆ ನಡೆದ ಅಧ್ಯಯನಗಳು ಅವರ ಓದು, ವಯಸ್ಸು, ಜಾತಿ, ಸಭೆಯ ಹಾಜರಿ ಕೇಳಿವೆ. ಅದಕ್ಕೆ ಒಂದು ಕಾಲಂ ಸೇರಿಸಬೇಕು. ತಾಲೂಕಿನ ಒಂದೊಂದು ಪಂಚಾಯಿತಿಯ ಹೆಣ್ಣು ಸದಸ್ಯರ ಪಟ್ಟಿಯನ್ನು 1987ರಿಂದ ಇಲ್ಲಿಯವರೆಗೆ ತೆಗೆದುಕೊಂಡು, ಭೂಮಿ ಯೋಜನೆಯಲ್ಲಿ ಗಣಕಕ್ಕೆ ಏರಿದ ಉತಾರಗಳ ಜೊತೆ ಒಂದೊಂದೇ ಹೆಸರು ಕೂಡಿಸಿ ನೋಡಬೇಕು. ಸದಸ್ಯೆಯಾದಾಗ ಅವಳ ಹೆಸರಿನಲ್ಲಿ ಎಷ್ಟು ಗುಂಟೆ ಇತ್ತು, ಅವಧಿ ಮುಗಿದಾಗ ಎಷ್ಟಿತ್ತು, ಹೆಸರು ಬಂದದ್ದು ವಾಟ್ನಿಯಿಂದಲೋ ಖರೀದಿಯಿಂದಲೋ ವಾರಸಾದಿಂದಲೋ? ಎರಡನೆಯ ಸಲ ಗೆದ್ದು ಬಂದವಳಿಗೂ ಒಂದೇ ಅವಧಿಗೆ ಮನೆಗೆ ಹೋದವಳಿಗೂ ಈ ಲೆಕ್ಕದಲ್ಲಿ ವ್ಯತ್ಯಾಸವಿದೆಯೇ? ಠರಾವು ಪುಸ್ತಕದಲ್ಲಿ ಸೂಚಕರೆಂದು, ಅನುಮೋದಕರೆಂದು ಯಾರ ಹೆಸರಿನ ಮುಂದೆ ಸಹಿ ಇದೆ, ಅದು ನೀರಿನ ವಿಷಯವೋ ಗಾಂವಠಾಣದ್ದೋ ಗುಡ್ಡದ್ದೋ, ಇದನ್ನೂ ಅದೇ ತಖ್ತೆಯಲ್ಲಿ ಬರೆದುಕೊಳ್ಳಬೇಕು. ಠರಾವು ಪುಸ್ತಕಗಳು ಗೆದ್ದಲು ಹಿಡಿಯುವ ವಸ್ತುಗಳು. ಮಂಡಲ ಹೋಗಿ ಗ್ರಾಮ ಪಂಚಾಯಿತಿ ಆದಾಗ, 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾದಾಗ, ಈಚೆಗೆ ರಟ್ಟೀಹಳ್ಳಿ ಬೇರೆ ತಾಲೂಕಾದಾಗ ದಾಖಲೆಗಳು ಕಚೇರಿಯಿಂದ ಕಚೇರಿಗೆ ಅಲೆದಿವೆ. 1987ರಲ್ಲಿ ಮೂವತ್ತರ ಪ್ರಾಯದಲ್ಲಿ ಸದಸ್ಯೆಯಾದವಳಿಗೆ ಈಗ ಎಪ್ಪತ್ತರ ಹತ್ತಿರ. ಹಾನಗಲ್ ಮತ್ತು ಹಿರೇಕೆರೂರಿನ ಪಂಚಾಯಿತಿಗಳಿಂದ ಈ ಕೆಲಸ ಮೊದಲು ಶುರುವಾಗಬೇಕು.